ಫುಟ್‌ಬಾಲ್ ಆಟಗಾರ ಫಿಲಿಪ್ ಗುರುವಾದ ಬಗೆ



ಒಳ್ಳೆಯ ಕುರಿಗಾಹಿಯ ಭಾನುವಾರ ಹತ್ತಿರ ಬಂದಂತೆಲ್ಲ ಎರಡು ಬಗೆಯ ತಂದೆತಾಯಿಗಳು ನನ್ನ ಬಾಗಿಲಿಗೆ ಬರುತ್ತಾರೆ. ಮೊದಲನೆಯವರು ಮಗನನ್ನು ಕೈಹಿಡಿದೇ ಕರೆತರುತ್ತಾರೆ. "ಸ್ವಾಮಿ, ಇವನ ತಲೆಗೆ ಓದು ಹತ್ತುತ್ತಿಲ್ಲ, ಎರಡು ಸಲ ಫೇಲಾದ. ಗುರುಮಠಕ್ಕಾದರೂ ಸೇರಿಸಿಕೊಳ್ಳಿ" ಎನ್ನುತ್ತಾರೆ. ಎರಡನೆಯವರು ಮಗನಿಗೆ ತಿಳಿಯದಂತೆ, ಕತ್ತಲಾದ ಮೇಲೆ ಬರುತ್ತಾರೆ. "ನಮ್ಮ ಹುಡುಗ ಕ್ಲಾಸಿಗೇ ಮೊದಲು ಸ್ವಾಮಿ. ಈಗ ಇದ್ದಕ್ಕಿದ್ದಂತೆ ಗುರುವಾಗುತ್ತೇನೆ ಅನ್ನುತ್ತಿದ್ದಾನೆ. ನೀವೇ ಕರೆದು ಬುದ್ಧಿ ಹೇಳಿ" ಎನ್ನುತ್ತಾರೆ. ಇಬ್ಬರೂ ಒಳ್ಳೆಯವರು, ಪೂಜೆ ತಪ್ಪಿಸದವರು. ಆದರೆ ಇಬ್ಬರ ಮನಸ್ಸಿನಲ್ಲಿರುವ ಲೆಕ್ಕ ಒಂದೇ: ಬೇರೇನೂ ಆಗಲಾರದವನು ಗುರುವಾಗಬೇಕು, ಏನಾದರೂ ಆಗಬಲ್ಲವನು ಆಗಬಾರದು. ಈ ಲೆಕ್ಕವನ್ನು ಪರೀಕ್ಷಿಸಲು ಇಂದು ಒಬ್ಬ ಫುಟ್‌ಬಾಲ್ ಆಟಗಾರನ ಬದುಕನ್ನು ನಿಮ್ಮ ಮುಂದಿಡುತ್ತೇನೆ.

ಅವನ ಹೆಸರು ಫಿಲಿಪ್ ಮಲ್ರೈನ್. ಹುಟ್ಟಿದ್ದು 1978ರ ಜನವರಿ 1ರಂದು, ಉತ್ತರ ಐರ್ಲೆಂಡಿನ ಬೆಲ್‌ಫಾಸ್ಟ್ ನಗರದಲ್ಲಿ. ಗಲಭೆ, ಗುಂಡು, ಬಾಂಬುಗಳ ಕಾಲವದು. ಆ ಊರಿನ ಕಥೋಲಿಕ ಕುಟುಂಬದ ಈ ಹುಡುಗನಿಗೆ ಕಾಲಿನಲ್ಲಿ ವರ ಸಿಕ್ಕಿತ್ತು. ಹದಿಹರೆಯದಲ್ಲೇ ಇಂಗ್ಲೆಂಡಿನ ಮ್ಯಾಂಚೆಸ್ಟರ್ ಯುನೈಟೆಡ್ ಕ್ಲಬ್ಬು ಅವನನ್ನು ತನ್ನ ಕಿರಿಯರ ತಂಡಕ್ಕೆ ಸೇರಿಸಿಕೊಂಡಿತು. 1995ರಲ್ಲಿ ಆ ತಂಡ ಯುವಕರ ಎಫ್.ಎ. ಕಪ್ ಗೆದ್ದಾಗ ಫಿಲಿಪ್ ಅದರಲ್ಲಿದ್ದ. 1997ರಲ್ಲಿ, ಹತ್ತೊಂಬತ್ತನೇ ವಯಸ್ಸಿಗೆ, ಉತ್ತರ ಐರ್ಲೆಂಡ್ ದೇಶದ ಅಂಗಿಯನ್ನೂ ತೊಟ್ಟ. ಮುಂದೆ ಅವನು ದೇಶಕ್ಕಾಗಿ ಆಡಿದ್ದು ಒಟ್ಟು 27 ಪಂದ್ಯ.

ನಮ್ಮಲ್ಲಿ ಕ್ರಿಕೆಟ್ಟಿನ ಹುಚ್ಚೇ ಹೆಚ್ಚಾದ್ದರಿಂದ ಒಂದು ವಿವರಣೆ. ಫುಟ್‌ಬಾಲ್ ತಂಡದಲ್ಲಿ ಗೋಲು ಹೊಡೆಯಲು ಮುಂದೆ ನಿಲ್ಲುವವರು ಕೆಲವರು, ಗೋಲು ಬೀಳದಂತೆ ಹಿಂದೆ ಕಾಯುವವರು ಕೆಲವರು. ಇವರ ನಡುವೆ ಆಡುವವನು ಮಿಡ್‌ಫೀಲ್ಡರ್. ಎದುರಾಳಿಯಿಂದ ಚೆಂಡು ಕಿತ್ತುಕೊಳ್ಳುವುದು, ಅದನ್ನು ಮುಂದಿನವನಿಗೆ ಮುಟ್ಟಿಸುವುದು, ತೊಂಬತ್ತು ನಿಮಿಷವೂ ಓಡುತ್ತಲೇ ಇರುವುದು ಅವನ ಕೆಲಸ. ಗುರುಮಠದ ಸಂಜೆಯಾಟದಲ್ಲಿ ನನ್ನನ್ನೂ ಅಲ್ಲಿಯೇ ನಿಲ್ಲಿಸುತ್ತಿದ್ದರು. ಓಡಬಲ್ಲೆನೆಂದಲ್ಲ, ಬೇರೆಲ್ಲಿ ನಿಲ್ಲಿಸಿದರೂ ಅಪಾಯವೆಂದು.

ಫಿಲಿಪ್ ನಿಲ್ಲಬೇಕಾದ ಜಾಗದಲ್ಲಿ ಆಗ ಮ್ಯಾಂಚೆಸ್ಟರಿನಲ್ಲಿ ನಿಂತಿದ್ದವರು ರಾಯ್ ಕೀನ್, ಪಾಲ್ ಸ್ಕೋಲ್ಸ್, ನಿಕಿ ಬಟ್, ಡೇವಿಡ್ ಬೆಕ್‌ಹ್ಯಾಮ್. ಇವರನ್ನು ದಾಟಿ ತಂಡಕ್ಕೆ ಬರುವುದು ಯಾರಿಂದ ಸಾಧ್ಯ? ಹಿರಿಯರ ತಂಡದಲ್ಲಿ ಅವನಿಗೆ ಸಿಕ್ಕಿದ್ದು ಬರೀ ಐದು ಪಂದ್ಯ. 1999ರ ಮಾರ್ಚ್‌ನಲ್ಲಿ ಅವನು ನಾರ್ವಿಚ್ ಸಿಟಿ ಎಂಬ ಕ್ಲಬ್ಬಿಗೆ ಹೋದ. ಆ ಕ್ಲಬ್ಬು ಅವನಿಗಾಗಿ ಕೊಟ್ಟಿದ್ದು ಐದು ಲಕ್ಷ ಪೌಂಡು. ಅವನು ಬಿಟ್ಟುಬಂದ ಎರಡೇ ತಿಂಗಳಲ್ಲಿ ಮ್ಯಾಂಚೆಸ್ಟರಿನವರು ಒಂದೇ ವರ್ಷದಲ್ಲಿ ಮೂರು ದೊಡ್ಡ ಕಪ್ಪುಗಳನ್ನು ಗೆದ್ದು ಚರಿತ್ರೆ ಮಾಡಿದರು. ಅದೇ ಸುಮಾರಿಗೆ ಇವನ ಕಾಲು ಮುರಿದು ಬಹುಕಾಲ ಆಟವೇ ನಿಂತಿತು.

2002ರ ಮೇ 12ರಂದು ಕಾರ್ಡಿಫ್ ನಗರದಲ್ಲಿ ನಾರ್ವಿಚ್ ತಂಡಕ್ಕೆ ಒಂದು ನಿರ್ಣಾಯಕ ಪಂದ್ಯವಿತ್ತು. ಗೆದ್ದರೆ ಇಂಗ್ಲೆಂಡಿನ ಅತ್ಯುನ್ನತ ಶ್ರೇಣಿಗೆ ಬಡ್ತಿ. ಎದುರಾಳಿ ಬರ್ಮಿಂಗ್‌ಹ್ಯಾಮ್ ಸಿಟಿ. ಪಂದ್ಯ 1–1ರಲ್ಲಿ ನಿಂತು ಪೆನಾಲ್ಟಿಗೆ ಹೋಯಿತು. ಫಿಲಿಪ್ ಒದ್ದ ಚೆಂಡನ್ನು ಗೋಲಿ ತಡೆದ. ನಾರ್ವಿಚ್ ಸೋತಿತು. ಅಷ್ಟು ಸಾವಿರ ಜನರೆದುರು ತಲೆತಗ್ಗಿಸಿ ನಡೆದುಬರುವ ಹುಡುಗನನ್ನು ನೆನೆದುಕೊಳ್ಳಿ. ಆದರೆ ಅವನು ಅಂದು ಆಟ ಬಿಡಲಿಲ್ಲ ಎಂಬುದನ್ನು ಗಮನಿಸಿ. ಎರಡು ವರ್ಷದ ನಂತರ, 2004ರಲ್ಲಿ, ಅದೇ ನಾರ್ವಿಚ್ ಶ್ರೇಣಿಗೇ ಮೊದಲಾಗಿ ಪ್ರೀಮಿಯರ್ ಲೀಗ್ ಸೇರಿದಾಗ ಫಿಲಿಪ್ ಆ ತಂಡದಲ್ಲಿಯೇ ಇದ್ದ. ಬಾಲ್ಯದಲ್ಲಿ ಕಂಡ ಕನಸು ಕೈಗೂಡಿತ್ತು. ಹಣವಿತ್ತು, ಹೆಸರಿತ್ತು.

2005 ಬೇರೆ ಬಗೆಯ ವರ್ಷ. ನಾರ್ವಿಚ್ ಒಂದೇ ವರ್ಷಕ್ಕೆ ಮತ್ತೆ ಕೆಳಗಿಳಿಯಿತು, ಫಿಲಿಪ್ ಕಾರ್ಡಿಫ್ ಸಿಟಿ ಸೇರಿದ. ಆ ಸೆಪ್ಟೆಂಬರಿನಲ್ಲಿ ಉತ್ತರ ಐರ್ಲೆಂಡ್ ತಂಡದ ಶಿಬಿರದಲ್ಲಿದ್ದಾಗ ಇನ್ನೊಬ್ಬ ಆಟಗಾರನೊಡನೆ ಹೊರಗೆ ಹೋಗಿ ಕುಡಿದು ಶಿಸ್ತು ಮುರಿದನೆಂದು ಅವನನ್ನು ಮನೆಗೆ ಕಳುಹಿಸಲಾಯಿತು. ಸೆಪ್ಟೆಂಬರ್ 7ರಂದು ಅದೇ ತಂಡ ಬೆಲ್‌ಫಾಸ್ಟಿನಲ್ಲಿ ಬಲಾಢ್ಯ ಇಂಗ್ಲೆಂಡನ್ನು 1–0 ಗೋಲಿನಿಂದ ಸೋಲಿಸಿತು. ಇಡೀ ಊರು ಕುಣಿದ ಆ ರಾತ್ರಿ ಅವನು ತಂಡದಲ್ಲಿರಲಿಲ್ಲ.

ಇಲ್ಲಿ ನಮ್ಮಂಥ ಪ್ರಬೋಧಕರಿಗೆ ಒಂದು ದೊಡ್ಡ ಶೋಧನೆ ಕಾದಿದೆ. "ನೋಡಿ, ಕುಡಿದ, ಅವಮಾನವಾಯಿತು, ಪಶ್ಚಾತ್ತಾಪಪಟ್ಟ, ಗುರುವಾದ" ಎಂದು ಕತೆ ಮುಗಿಸಿಬಿಟ್ಟರೆ ಕೇಳಲು ಚೆಂದ. ಆದರೆ ನಡೆದದ್ದು ಹಾಗಲ್ಲ. ಆ ಘಟನೆಗೂ ಗುರುಮಠಕ್ಕೂ ನಡುವೆ ನಾಲ್ಕು ವರ್ಷಗಳಿವೆ. ಅವಮಾನವೇ ಕರೆಯಾಗುವುದಾದರೆ ಪೆನಾಲ್ಟಿ ತಪ್ಪಿದ ದಿನವೇ ಆಗಬೇಕಿತ್ತು. ಫಿಲಿಪ್ ತಾವೇ ಮುಂದೆ ಹೇಳಿಕೊಂಡಿರುವ ಕಾರಣ ಬೇರೆ. ಆಟಗಾರನಾಗಿ ತಾನು ಸುಖವಾಗಿಯೇ ಇದ್ದೆ, ಬಯಸಿದ್ದೆಲ್ಲ ಸಿಕ್ಕಿತ್ತು, ಸಿಕ್ಕ ಮೇಲೂ ಒಳಗೊಂದು ಬರಿದುತನ ಉಳಿದದ್ದು ಕಂಡು ಆಘಾತವಾಯಿತು ಎಂಬುದೇ ಅವರ ಮಾತಿನ ಸಾರ. ಸಿಗದೇ ಹೋದದ್ದು ಅವರನ್ನು ಕಾಡಲಿಲ್ಲ, ಸಿಕ್ಕಿದ್ದು ಸಾಲದೇ ಹೋದದ್ದು ಕಾಡಿತು. ಈ ಎರಡರ ವ್ಯತ್ಯಾಸವನ್ನು ದಯವಿಟ್ಟು ಮನಸ್ಸಿನಲ್ಲಿಡಿ.

ತತ್ವಶಾಸ್ತ್ರ ಓದುವಾಗ ನಮಗೆ ಸಂತ ತೋಮಸ್ ಅಕ್ವಿನಾಸರ 'ಸುಮ್ಮಾ ತಿಯೊಲಾಜಿಯೇ' ಗ್ರಂಥದ ಒಂದು ಭಾಗ ಪಾಠಕ್ಕಿತ್ತು. ಮನುಷ್ಯನ ಪರಮ ಆನಂದ ಯಾವುದರಲ್ಲಿದೆ ಎಂಬ ಪ್ರಶ್ನೆ ಅದು. ಸಂತರು ಅವಸರ ಮಾಡುವುದಿಲ್ಲ. ಸಂಪತ್ತಿನಲ್ಲಿದೆಯೇ, ಮಾನಸನ್ಮಾನದಲ್ಲಿದೆಯೇ, ಕೀರ್ತಿಯಲ್ಲಿದೆಯೇ, ಅಧಿಕಾರದಲ್ಲಿದೆಯೇ, ದೇಹಬಲದಲ್ಲಿದೆಯೇ, ಸುಖಭೋಗದಲ್ಲಿದೆಯೇ ಎಂದು ಒಂದೊಂದನ್ನೇ ಎತ್ತಿ ತೂಗುತ್ತಾರೆ. ಹಣ ಯಾವಾಗಲೂ ಬೇರೆ ಯಾವುದಕ್ಕೋ ಬೇಕಾದದ್ದು, ಆದ್ದರಿಂದ ಅದೇ ಕೊನೆಯ ಗುರಿಯಾಗಲಾರದು. ಕೀರ್ತಿ ಇರುವುದು ಹೊಗಳುವವರ ತಿಳಿವಳಿಕೆಯಲ್ಲಿ, ಅದು ಎಷ್ಟೋ ಸಲ ತಪ್ಪುತ್ತದೆ. ದೇಹದ ವಿಚಾರಕ್ಕೆ ಅವರು ಕೊಡುವ ಹೋಲಿಕೆ ನನಗೆ ಬಹಳ ಮೆಚ್ಚುಗೆ: ಹಡಗನ್ನು ನಾವಿಕನ ಕೈಗೆ ಕೊಡುವುದು ಅದನ್ನು ಜೋಪಾನವಾಗಿ ಇಟ್ಟುಕೊಳ್ಳಲಿ ಎಂದಲ್ಲ, ಎಲ್ಲಿಗೋ ತಲುಪಿಸಲಿ ಎಂದು. ಮೂವತ್ತು ದಾಟುತ್ತಿದ್ದಂತೆ ಕಾಲು ಸೋಲುವ ಆಟಗಾರನಿಗೆ ಈ ಮಾತು ನಮಗಿಂತ ಬೇಗ ಅರ್ಥವಾದೀತು. ಹದಿನೆಂಟರಲ್ಲಿ ನಾನು ಇದನ್ನು ಪರೀಕ್ಷೆಗೆಂದು ಬಾಯಿಪಾಠ ಮಾಡಿದ್ದೆ. ಫಿಲಿಪ್ ಆ ಪಟ್ಟಿಯ ಬಹುಭಾಗವನ್ನು ಪುಸ್ತಕ ತೆರೆಯುವ ಮೊದಲೇ ಬದುಕಿ ನೋಡಿದ್ದರು.

ಹಾಗೆಂದು ಫುಟ್‌ಬಾಲ್ ಕೆಟ್ಟದ್ದೆಂದು ಸಂತ ತೋಮಸರೂ ಹೇಳಿಲ್ಲ, ಫಿಲಿಪ್ಪರೂ ಹೇಳಿಲ್ಲ, ನಾನೂ ಹೇಳುವುದಿಲ್ಲ. ಒಳ್ಳೆಯದು ಒಳ್ಳೆಯದೇ. ಎಲ್ಲವೂ ಅದೇ ಅಲ್ಲ, ಅಷ್ಟೆ.

ಇಂಗ್ಲೆಂಡಿನಲ್ಲಿ ಆಡುತ್ತಿದ್ದ ಕೊನೆಯ ಕಾಲದಲ್ಲಿ ಅವರು ಬಾಲ್ಯದ ವಿಶ್ವಾಸವನ್ನು ಮತ್ತೆ ತೆರೆದು ನೋಡತೊಡಗಿದರು. ವಾರವಾರವೂ ಮನೆಮಠವಿಲ್ಲದವರ ಸೇವೆಗೆ ಹೋಗುತ್ತಿದ್ದುದನ್ನು ಹಳೆಯ ಜೊತೆಗಾರ ಪಾಲ್ ಮೆಕ್‌ವೇ ಮುಂದೆ ಪತ್ರಿಕೆಯವರಿಗೆ ಹೇಳಿದರು. ಆದರೂ ಗುರುಮಠದ ಸುದ್ದಿ ಕೇಳಿ ಆತನಿಗೇ ದಂಗುಬಡಿದಿತ್ತಂತೆ. ಕಾರ್ಡಿಫ್ ಬಿಟ್ಟು ಲೇಟನ್ ಓರಿಯೆಂಟ್, ಬಳಿಕ ಕಿಂಗ್ಸ್ ಲಿನ್ ಎಂಬ ಸಣ್ಣ ತಂಡ, ಅಲ್ಲಿಗೆ ಆಟ ಮುಗಿಯಿತು. 2009ರಲ್ಲಿ, ಮೂವತ್ತೊಂದನೇ ವಯಸ್ಸಿಗೆ, ಬೆಲ್‌ಫಾಸ್ಟಿನ ಸಂತ ಮಲಾಕಿಯವರ ಗುರುಮಠ ಸೇರಿದರು. ಅಲ್ಲಿ ತತ್ವಶಾಸ್ತ್ರ, ಬಳಿಕ ರೋಮಿನಲ್ಲಿ ದೈವಶಾಸ್ತ್ರ. ಪರೀಕ್ಷೆ, ಲತೀನು, ಬೆಳಗಿನ ಗಂಟೆ. ತನಗಿಂತ ಹತ್ತು ವರ್ಷ ಚಿಕ್ಕವರ ಜೊತೆ ಬೆಂಚಿನ ಮೇಲೆ ಕುಳಿತು ಟಿಪ್ಪಣಿ ಬರೆಯುವುದು. ಓದು ತಲೆಗೆ ಹತ್ತದವರಿಗೆ ಇದು ಸುಲಭದ ಜಾಗ ಎಂದು ತಿಳಿದಿರುವವರು ಇದನ್ನು ಇನ್ನೊಮ್ಮೆ ಓದಬೇಕು.

2012ರಲ್ಲಿ ಅವರು ಇನ್ನೊಂದು ಹೆಜ್ಜೆ ಇಟ್ಟರು. ಧರ್ಮಪ್ರಾಂತ್ಯದ ಗುರುವಾಗುವ ದಾರಿ ಬಿಟ್ಟು ಸಂತ ದೊಮಿನಿಕರ ಸನ್ಯಾಸ ಸಭೆ ಸೇರಿದರು. ನನ್ನಂಥ ಧರ್ಮಪ್ರಾಂತ್ಯದ ಗುರು ಬಡತನದ ವ್ರತ ತೊಡುವುದಿಲ್ಲ. ತೊಡದೆಯೇ ಬಡವನಾಗಿರುತ್ತಾನೆ, ಅದು ಬೇರೆ ಮಾತು. ಸನ್ಯಾಸಿ ಹಾಗಲ್ಲ. ತನ್ನದೆಂಬ ಹಣವಿಲ್ಲ, ಮನೆಯಿಲ್ಲ, ಸಹೋದರರೊಡನೆ ಹಂಚಿಕೊಂಡ ಬಾಳು. ತನ್ನನ್ನು ದೇವರಿಗೆ ಪೂರ್ತಿಯಾಗಿ ಒಪ್ಪಿಸಿಕೊಳ್ಳುವ ಆಸೆಯೇ ಅಲ್ಲಿಗೆ ಎಳೆಯಿತು ಎಂದು ಫಿಲಿಪ್ ಹೇಳಿದ್ದಾರೆ. ಸಂತ ಮಾರ್ಕನ ಶುಭಸಂದೇಶದಲ್ಲಿ ಯೇಸುಸ್ವಾಮಿಯ ಬಳಿಗೆ ಓಡಿಬಂದ ಸಿರಿವಂತ ನೆನಪಾಗುತ್ತಾನೆ. ಅವನು ಆಜ್ಞೆಗಳನ್ನೆಲ್ಲ ಪಾಲಿಸಿದವನು, ಸೋತವನಲ್ಲ. ಸ್ವಾಮಿ ಅವನನ್ನು ನೋಡಿ ಪ್ರೀತಿಸಿದರು. ಆಸ್ತಿ ಹೆಚ್ಚಿದ್ದರಿಂದ ಅವನು ವ್ಯಥೆಯಿಂದ ಹಿಂದಿರುಗಿದ.

ಇದೇ ಸಭೆಯ ಸಂತ ತೋಮಸರ ಮನೆಯವರಂತೂ 1244ರಲ್ಲಿ, ಮಗ ಭಿಕ್ಷೆ ಬೇಡುವ ಸನ್ಯಾಸಿಯಾಗುವುದು ವಂಶಕ್ಕೆ ಅವಮಾನವೆಂದು, ಅವರನ್ನು ದಾರಿಯಲ್ಲೇ ಹಿಡಿದು ತಂದು ಸುಮಾರು ಒಂದು ವರ್ಷ ಕೋಟೆಯಲ್ಲಿ ಕೂಡಿಹಾಕಿದ್ದರು. ಕತ್ತಲಾದ ಮೇಲೆ ನನ್ನ ಬಾಗಿಲಿಗೆ ಬರುವವರು ಅಷ್ಟು ದೂರ ಹೋಗಿಲ್ಲವೆಂಬುದೇ ಸಮಾಧಾನ.

2017ರ ಜುಲೈ 8ರಂದು ಡಬ್ಲಿನ್ನಿನ ಸಂತ ಸೇವಿಯರ್ ದೇವಾಲಯದಲ್ಲಿ ಮಹಾಧರ್ಮಾಧ್ಯಕ್ಷ ಅಗಸ್ಟೀನ್ ಡಿ ನೋಯಾ ಅವರು ಫಿಲಿಪ್ಪರಿಗೆ ಗುರುದೀಕ್ಷೆ ನೀಡಿದರು. ವಯಸ್ಸು 39. ನಾರ್ವಿಚ್ ತಂಡದಲ್ಲಿ ಕಳೆದದ್ದು ಆರು ವರ್ಷ, ಗುರುವಾಗಲು ಹಿಡಿದದ್ದು ಎಂಟು. ದೀಕ್ಷೆಯ ಬಳಿಕ ಬೆಲ್‌ಫಾಸ್ಟಿಗೆ ಬಂದು ಬಾಲ್ಯದ ಪರಿಸರದಲ್ಲಿ ತಮ್ಮ ಮೊದಲ ಬಲಿಪೂಜೆ ಅರ್ಪಿಸಿದರು. ಮುಂದೆ ನ್ಯೂಬ್ರಿಜ್ ಎಂಬ ಊರಿನ ಶಾಲೆಯಲ್ಲಿ ಮಕ್ಕಳ ಆಧ್ಯಾತ್ಮಿಕ ಗುರುವಾಗಿ ಸೇವೆ ಸಲ್ಲಿಸಿದರು.

ಕಳೆದ ತಿಂಗಳು ಒಬ್ಬ ತಂದೆಗೆ ಈ ಕತೆಯನ್ನೆಲ್ಲ ಹೇಳಿದೆ. ಅವರ ಮಗ ಎಂಜಿನಿಯರಿಂಗ್ ಎರಡನೇ ವರ್ಷ. ಬಹಳ ಹೊತ್ತು ಸುಮ್ಮನಿದ್ದರು. "ಡಿಗ್ರಿ ಮುಗಿಸಲಿ ಸ್ವಾಮಿ, ಆಮೇಲೆ ಅವನಿಷ್ಟ" ಎಂದರು. ಮುಗಿಸಲಿ, ಅವಸರವೇನು ಎಂದೆ. ಹೋಗುವಾಗ ಬಾಗಿಲಲ್ಲಿ ನಿಂತು, "ಆ ಹುಡುಗನ ಅಪ್ಪ ಅಮ್ಮ ಏನಂದರಂತೆ?" ಎಂದು ಕೇಳಿದರು.