‘ಉಡುಪಿ’ ಎಂಬ ನಾಮಫಲಕ: ಹಳೆಯ ಬೆಂಗಳೂರಿನ ಕರಾವಳಿ ಹೋಟೆಲುಗಳ ಭಾಷೆ ಮತ್ತು ಸಾಮಾಜಿಕತೆ

ಬಸವನಗುಡಿ, ಚಾಮರಾಜಪೇಟೆ, ಮಲ್ಲೇಶ್ವರಗಳ ಸಾಂಸ್ಕೃತಿಕ ಚರಿತ್ರೆಯನ್ನು ಬರೆಯುವಾಗ ನಮ್ಮ ವಿದ್ವಾಂಸರು ಸಾಹಿತ್ಯ ಪರಿಷತ್ತು, ಗೋಖಲೆ ಸಂಸ್ಥೆ, ರಾಮೋತ್ಸವದ ಸಂಗೀತ ಮತ್ತು ಹವ್ಯಾಸಿ ರಂಗಭೂಮಿಗಳನ್ನು ತಪ್ಪದೆ ಉಲ್ಲೇಖಿಸುತ್ತಾರೆ. ಹೋಟೆಲನ್ನು ಮಾತ್ರ ನೆನಪಿನ ಲೇಖನಗಳಿಗೂ ಪತ್ರಿಕೆಗಳ ಭಾನುವಾರದ ಪುರವಣಿಗಳಿಗೂ ಬಿಟ್ಟುಕೊಡಲಾಗಿದೆ. ಹೀಗಾಗಿ ಅದರ ಬಗೆಗೆ ನಮ್ಮಲ್ಲಿರುವುದು ಬಹುಪಾಲು ರುಚಿಯ ಸ್ಮರಣೆ, ವಿಶ್ಲೇಷಣೆ ಕಡಿಮೆ. ಕರಾವಳಿಯಿಂದ ಬಂದವರು ಈ ಬಡಾವಣೆಗಳಲ್ಲಿ ಕಟ್ಟಿದ ಚಿಕ್ಕ ಹೋಟೆಲುಗಳ ಹೆಸರುಗಳನ್ನೂ ಅಲ್ಲಿ ಬಳಕೆಯಾದ ಕೆಲವು ಶಬ್ದಗಳನ್ನೂ ಆಧಾರವಾಗಿಟ್ಟುಕೊಂಡು, ಆ ಹೆಸರು ಯಾರನ್ನು ಒಳಗೊಂಡಿತು, ಯಾರನ್ನು ಹೊರಗಿರಿಸಿತು ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಮೊದಲಿಗೆ ಒಂದು ರಾಜಕೀಯ ಸಂಗತಿಯನ್ನು ಗಮನಿಸಬೇಕು. ಕೋಟ ಸಮೀಪದ ಪಾರಂಪಳ್ಳಿಯಿಂದ ಬಂದ ಮಯ್ಯ ಸಹೋದರರು ಬೆಂಗಳೂರಿನಲ್ಲಿ ‘ಬ್ರಾಹ್ಮಿನ್ ಕಾಫಿ ಕ್ಲಬ್’ ತೆರೆದದ್ದು 1924ರಲ್ಲಿ. ಸಾಲಿಗ್ರಾಮದ ಕಡೆಯ ವೆಂಕಟರಮಣ ಉರಾಳರು ಗಾಂಧಿಬಜಾರಿನಲ್ಲಿ ವಿದ್ಯಾರ್ಥಿ ಭವನವನ್ನು ಆರಂಭಿಸಿದ್ದು 1943ರಲ್ಲಿ. ಆ ವರ್ಷಗಳಲ್ಲಿ ದಕ್ಷಿಣ ಕನ್ನಡವು ಮದರಾಸು ಪ್ರಾಂತ್ಯದ ಒಂದು ಜಿಲ್ಲೆ, ಬೆಂಗಳೂರು ಮೈಸೂರು ಸಂಸ್ಥಾನಕ್ಕೆ ಸೇರಿದ ನಗರ. ಅಂದರೆ ಘಟ್ಟ ಹತ್ತಿ ಬಂದ ಈ ಜನ ದಾಟಿದ್ದು ಆಡಳಿತದ ಗಡಿಯೊಂದನ್ನು. 1956ರ ನವೆಂಬರ್ 1ರಂದು ಆ ಗಡಿ ಅಳಿಯುವುದಕ್ಕೆ ಮೂರು ದಶಕ ಮೊದಲೇ ಕುಂದಾಪುರ ಸೀಮೆಯ ಕನ್ನಡವೂ ಹಳೆಯ ಮೈಸೂರಿನ ಕನ್ನಡವೂ ದಿನನಿತ್ಯ ಎದುರುಬದುರಾಗಿ ವ್ಯವಹರಿಸುತ್ತಿದ್ದ ತಾಣ ಹೋಟೆಲಾಗಿತ್ತು. ಏಕೀಕರಣದ ಚರಿತ್ರೆಯಲ್ಲಿ ಸಭೆ, ನಿರ್ಣಯ, ಪತ್ರಿಕೆಗಳಿಗೆ ದೊರೆತ ಸ್ಥಾನದಲ್ಲಿ ಒಂದು ಮೂಲೆಯಾದರೂ ಅಡುಗೆಮನೆಗೆ ಸಲ್ಲಬೇಕಿತ್ತೆಂದು ನನ್ನ ಭಾವನೆ.

ಈ ಎದುರುಬದುರಿನ ಅತ್ಯುತ್ತಮ ಸಾಕ್ಷಿ ‘ಮಾಣಿ’ ಎಂಬ ಶಬ್ದ. ಸಂಸ್ಕೃತದ ‘ಮಾಣವ’, ‘ಮಾಣವಕ’ಗಳೊಡನೆ ಸಂಬಂಧವುಳ್ಳ ಈ ಪದಕ್ಕೆ ವಟು, ಬ್ರಹ್ಮಚಾರಿ, ಹುಡುಗ ಎಂಬ ಅರ್ಥಗಳಿವೆ. ಕುಂದಾಪುರದ ಮನೆಮಾತಿನಲ್ಲಿ ಮಾಣಿ ಎಂದರೆ ಇಂದಿಗೂ ಹುಡುಗನೇ. ಹವ್ಯಕ ಕನ್ನಡದಲ್ಲಿ ‘ಮಾಣಿ’ಯ ಜೋಡಿ ‘ಕೂಸು’. ತಾಯಿ ಮಗನನ್ನು ಕರೆಯುವ ಈ ಪದ ಬೆಂಗಳೂರಿಗೆ ಬಂದು ಹೋಟೆಲಿನಲ್ಲಿ ತಿಂಡಿ ತಂದುಕೊಡುವವನ ಹೆಸರಾಯಿತು. ಅಡುಗೆಮನೆಯಿಂದ ಹಿರಿಯನೊಬ್ಬ ತನ್ನೂರಿನ ಹುಡುಗನನ್ನು ‘ಮಾಣಿ’ ಎಂದು ಕೂಗುವುದನ್ನು ಕೇಳಿದ ಗಿರಾಕಿ, ಅದನ್ನು ಉದ್ಯೋಗದ ಹೆಸರೆಂದು ಗ್ರಹಿಸಿರಬೇಕು. ಭಾಷಾವಿಜ್ಞಾನದಲ್ಲಿ ಇದನ್ನು ಅರ್ಥಸಂಕೋಚವೆಂದು ಗುರುತಿಸಿ ಮುಂದಕ್ಕೆ ಹೋಗಬಹುದು. ಆದರೆ ಆ ಸಂಕೋಚದ ಹಿಂದಿರುವ ಬದುಕನ್ನು ಮರೆಯುವಂತಿಲ್ಲ. ಮಾಣಿ ನಿಜಕ್ಕೂ ಹುಡುಗನಾಗಿದ್ದ. ಶಾಲೆ ಬಿಟ್ಟು, ಬಂಧುವೊಬ್ಬರ ಬೆನ್ನು ಹಿಡಿದು ಬಂದು, ಲೋಟ ತೊಳೆಯುವುದರಿಂದ ಆರಂಭಿಸಿ, ರಾತ್ರಿ ಅದೇ ಹೋಟೆಲಿನ ಬೆಂಚುಗಳ ಮೇಲೆ ಮಲಗುತ್ತಿದ್ದವನು. ಮುಂಬಯಿಯಲ್ಲಿ ಇಂತಹ ಹುಡುಗರಿಗಾಗಿ ಕನ್ನಡ ರಾತ್ರಿಶಾಲೆಗಳು ನಡೆದವು, ಅಲ್ಲಿ ಓದಿದ ಹಲವರು ಮುಂದೆ ವಕೀಲರೂ ಲೇಖಕರೂ ಆದರು. ಹದಿನಾಲ್ಕು ವರ್ಷದೊಳಗಿನ ಮಕ್ಕಳನ್ನು ಹೋಟೆಲುಗಳಲ್ಲಿ ದುಡಿಸುವುದನ್ನು ಕೇಂದ್ರ ಸರ್ಕಾರ ನಿಷೇಧಿಸಿದ್ದು 2006ರ ಅಕ್ಟೋಬರಿನಲ್ಲಿ. ಅದುವರೆಗೆ ನಾವು ‘ಮಾಣಿ’ ಎಂದು ಕರೆದಾಗಲೆಲ್ಲ ಶಬ್ದದ ಮೂಲಾರ್ಥವೇ ನಮ್ಮೆದುರು ತಟ್ಟೆ ಹಿಡಿದು ನಿಂತಿರುವ ಸಾಧ್ಯತೆಯಿತ್ತು.

ಇನ್ನು ‘ಉಡುಪಿ’ ಎಂಬ ಹೆಸರು. ಬೆಂಗಳೂರಿನಲ್ಲಿ ಈ ಹೆಸರಿನಡಿ ಗುರುತಿಸಲ್ಪಡುವ ಪ್ರಮುಖ ಹೋಟೆಲುಗಳ ಸ್ಥಾಪಕರಲ್ಲಿ ಅನೇಕರು ಉಡುಪಿ ಪಟ್ಟಣದವರಲ್ಲ. ಮಯ್ಯರೂ ಉರಾಳರೂ ಕೋಟ-ಸಾಲಿಗ್ರಾಮದ ಕಡೆಯವರು. ವಿದ್ಯಾರ್ಥಿ ಭವನವು 1970ರಲ್ಲಿ ರಾಮಕೃಷ್ಣ ಅಡಿಗರ ಕೈಗೆ ಬಂದಾಗಲೂ ಒಡೆತನ ಕುಂದಾಪುರ ಸೀಮೆಯಲ್ಲಿಯೇ ಉಳಿಯಿತು. ಕೋಟದ ಬ್ರಾಹ್ಮಣರು ಸ್ಮಾರ್ತರು, ಅವರ ಆರಾಧ್ಯದೈವ ಸಾಲಿಗ್ರಾಮದ ಗುರುನರಸಿಂಹ. ಉಡುಪಿಯ ಕೃಷ್ಣಮಠವಾದರೋ ಮಾಧ್ವರ ಅಷ್ಟಮಠಗಳ ಕೇಂದ್ರ. ಊರಿನಲ್ಲಿ ಎಚ್ಚರದಿಂದ ಕಾಯ್ದುಕೊಂಡ ಈ ಭೇದ ಲಾಲ್‌ಬಾಗಿನ ಬಳಿ ಯಾರಿಗೂ ಬೇಕಾಗಿರಲಿಲ್ಲ. ಗಿರಾಕಿಗೆ ಬೇಕಾದದ್ದು ಮಡಿಯ, ಶುಚಿಯ ಭರವಸೆ. ಅದನ್ನು ಕೊಡಬಲ್ಲ ಹೆಸರು ಉಡುಪಿ. ಅನ್ನದಾನಕ್ಕೆ ಹೆಸರಾದ ಮಠದ ಪ್ರತಿಷ್ಠೆ ಹೀಗೆ ವ್ಯಾಪಾರದ ಬಂಡವಾಳವಾಗಿ ಪರಿವರ್ತಿತವಾಯಿತು.

ಅದಕ್ಕಿಂತ ಕುತೂಹಲಕರವಾದುದು ಈ ಹೆಸರಿನಡಿ ಮಾರಾಟವಾದ ತಿಂಡಿ. ಕರಾವಳಿಯ ಮನೆಯ ಊಟವೆಂದರೆ ಕುಚ್ಚಲಕ್ಕಿಯ ಗಂಜಿ, ಉಪ್ಪಿನಕಾಯಿ, ಕೊಟ್ಟೆಕಡುಬು, ಪತ್ರೊಡೆ, ನೀರುದೋಸೆ, ತೆಂಗಿನಕಾಯಿ ಅರೆದ ಹುಳಿ. ಬಸವನಗುಡಿಯ ಹೋಟೆಲಿನಲ್ಲಿ ಇವುಗಳಲ್ಲಿ ಎಷ್ಟು ದೊರೆಯುತ್ತಿದ್ದವು? ಅಲ್ಲಿ ಪ್ರಸಿದ್ಧವಾದವು ಮಸಾಲೆ ದೋಸೆ, ಖಾರಾಬಾತ್, ಕೇಸರಿಬಾತ್, ಬಿಸಿಬೇಳೆಬಾತ್. ‘ಬಾತ್’ ಎಂಬ ಪದವೇ ಕರಾವಳಿಯದಲ್ಲ. ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರ್ 1965ರಿಂದ ಇಡ್ಲಿ, ವಡೆ, ಖಾರಾಬಾತ್, ಕೇಸರಿಬಾತ್‌ಗಳಷ್ಟರಿಂದಲೇ, ಅದೂ ಸಾಂಬಾರಿನ ಸಹಾಯವಿಲ್ಲದೆ ಕೇವಲ ಚಟ್ನಿಯ ಬಲದಿಂದ ಹೆಸರು ಗಳಿಸಿತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಬರ್ಮಾದ ಅಕ್ಕಿ ನಿಂತುಹೋಗಿ ಅಭಾವ ತಲೆದೋರಿದಾಗ ಅಕ್ಕಿಯ ಬದಲು ರವೆ ಬಳಸಿ ರವೆ ಇಡ್ಲಿಯನ್ನು ರೂಪಿಸಿದವರು ತಾವೆಂದು ಮಾವಳ್ಳಿಯ ಎಂ.ಟಿ.ಆರ್. ಹೇಳಿಕೊಂಡು ಬಂದಿದೆ. ಆ ಹಕ್ಕುಸಾಧನೆಯನ್ನು ಒಪ್ಪಿದರೆ, ಈ ಹೋಟೆಲುಗಳು ಊರಿನ ರುಚಿಯನ್ನು ಹೊತ್ತು ತಂದವು ಎನ್ನುವುದಕ್ಕಿಂತ ನಗರದ ಅಗತ್ಯಕ್ಕೆ ತಕ್ಕ ಹೊಸ ರುಚಿಯನ್ನು ಕಟ್ಟಿದವು ಎನ್ನುವುದು ಸರಿಯಾಗುತ್ತದೆ. ಘಟ್ಟದ ಕೆಳಗಿನಿಂದ ಬಂದದ್ದು ಪಾಕಕ್ಕಿಂತ ಹೆಚ್ಚಾಗಿ ದುಡಿಮೆಯ ಕ್ರಮ: ಬೆಳಗಿನ ಜಾವದ ಒಲೆ, ಬಂಧುಬಳಗದ ಕೆಲಸಗಾರರು, ಗಲ್ಲಾದ ಮೇಲೆ ಮಾಲೀಕನೇ ಕುಳಿತುಕೊಳ್ಳುವ ಪದ್ಧತಿ.

ಮಠದಿಂದ ಕೆಲವೇ ಕಿಲೋಮೀಟರು ದೂರದಲ್ಲಿ ಮಲ್ಪೆ ಬಂದರಿದೆ. ಮೊಗವೀರರ ಮೀನಿನ ಸಾರು, ಬಂಟರ ಕೋಳಿರೊಟ್ಟಿ, ಬಿಲ್ಲವರ ಅಡುಗೆ ಎಲ್ಲವೂ ಉಡುಪಿಯವೇ. ಆದರೂ ‘ಉಡುಪಿ ಹೋಟೆಲ್’ ಎಂದರೆ ಮೀನಿಲ್ಲದ ಹೋಟೆಲು ಎಂಬ ಅರ್ಥ ಎಷ್ಟು ಗಟ್ಟಿಯಾಗಿದೆಯೆಂದರೆ, ಬೆಂಗಳೂರಿನಲ್ಲಿ ಮೀನಿನ ಊಟ ಬಡಿಸುವ ಕರಾವಳಿಗರು ತಮ್ಮ ಫಲಕದ ಮೇಲೆ ‘ಮಂಗಳೂರು’ ಎಂದೋ ‘ಕರಾವಳಿ’ ಎಂದೋ ಬರೆಸುವುದೇ ಹೆಚ್ಚು. ಒಂದು ಊರಿನ ಹೆಸರು ಅದರ ಬಹುಸಂಖ್ಯಾತರಿಗೆ ಊಟದ ವಿಷಯದಲ್ಲಿ ಬಳಕೆಗೆ ಸಿಗದೆಹೋದ ಉದಾಹರಣೆ ಇದು.

ಹೆಸರಿನ ಇನ್ನೊಂದು ಮುಖ ‘ಬ್ರಾಹ್ಮಣ’ ಎಂಬ ವಿಶೇಷಣ. ಮೊದಲ ದಶಕಗಳ ಹೋಟೆಲುಗಳಲ್ಲಿ ಈ ಪದ ಅಡುಗೆಯವನ ಜಾತಿಯನ್ನು ಸೂಚಿಸುತ್ತಿತ್ತು. ಎಷ್ಟೋ ಕಡೆ ಕುಳಿತುಕೊಳ್ಳುವವನ ಜಾತಿಯನ್ನೂ ನಿರ್ಧರಿಸುತ್ತಿತ್ತು, ಬ್ರಾಹ್ಮಣರಿಗೆ ಪ್ರತ್ಯೇಕ ಕೋಣೆಯಿರುತ್ತಿತ್ತು. ಇದಕ್ಕೆ ಪ್ರತಿಯಾಗಿ ಮಾಂಸದ ಊಟ ಬಡಿಸುವ ಕಡೆಗಳು ‘ಮಿಲಿಟರಿ ಹೋಟೆಲ್’ ಎಂಬ ಹೆಸರನ್ನು ತಳೆದವು. ನಗರದ ಊಟದ ಭೂಪಟ ಈ ಎರಡು ವಿಶೇಷಣಗಳಲ್ಲಿ ಹಂಚಿಹೋಯಿತು. 1950ರಲ್ಲಿ ಜಾರಿಗೆ ಬಂದ ಸಂವಿಧಾನವು 15ನೆಯ ಅನುಚ್ಛೇದದಲ್ಲಿ ಅಂಗಡಿ, ಸಾರ್ವಜನಿಕ ಉಪಾಹಾರಗೃಹ, ಹೋಟೆಲುಗಳನ್ನು ಹೆಸರಿಸಿಯೇ ಜಾತಿಯ ಕಾರಣದಿಂದ ಪ್ರವೇಶ ನಿರಾಕರಿಸುವುದನ್ನು ತಡೆಯಿತು. 1955ರ ಅಸ್ಪೃಶ್ಯತಾ ಅಪರಾಧಗಳ ಕಾಯಿದೆ ಅದನ್ನು ದಂಡನಾರ್ಹವಾಗಿಸಿತು. ಸಂವಿಧಾನ ರಚಿಸಿದವರಿಗೆ ದೇವಾಲಯದಷ್ಟೇ ಹೋಟೆಲೂ ಸಮಾನತೆಯ ಪರೀಕ್ಷೆಯ ಸ್ಥಳವಾಗಿ ಕಂಡಿತ್ತು ಎಂಬುದು ಗಮನಾರ್ಹ. ಮಯ್ಯರ ಕಾಫಿ ಕ್ಲಬ್ 1960ರಲ್ಲಿ ಲಾಲ್‌ಬಾಗ್ ರಸ್ತೆಯ ಈಗಿನ ಜಾಗಕ್ಕೆ ಬಂದಾಗ ‘ಮಾವಳ್ಳಿ ಟಿಫಿನ್ ರೂಮ್ಸ್’ ಎನಿಸಿಕೊಂಡಿತು, ಜಾತಿಯ ಸ್ಥಾನಕ್ಕೆ ಬಡಾವಣೆಯ ಹೆಸರು ಬಂದಿತು. ಇದಕ್ಕೆ ಕಾಯಿದೆಯೇ ಕಾರಣವೆಂದು ಹೇಳಲಾಗದು, ಏಕೆಂದರೆ ಐದು ವರ್ಷಗಳ ನಂತರ ಶಂಕರಪುರದಲ್ಲಿ ಆರಂಭವಾದ ಹೋಟೆಲು ಹಳೆಯ ವಿಶೇಷಣವನ್ನೇ ಧರಿಸಿತು. ಅಲ್ಲಿ ಇಂದು ಎಲ್ಲ ಜಾತಿಯವರೂ ಒಟ್ಟಿಗೆ ನಿಂತು ತಿನ್ನುತ್ತಾರೆ. ಪದ ಉಳಿದಿದೆ, ಅದರ ತಡೆಗೋಡೆ ಬಿದ್ದಿದೆ. ಆದರೆ ಶುಚಿ ಎಂಬ ಅರ್ಥವನ್ನು ಒಂದು ಜಾತಿವಾಚಕ ಪದವೇ ಹೊತ್ತಿರುವವರೆಗೆ ಗೋಡೆ ಪೂರ್ಣವಾಗಿ ಬಿದ್ದಿತೆನ್ನಲು ನನ್ನ ಮನಸ್ಸು ಒಪ್ಪುವುದಿಲ್ಲ.

ಪ್ರಾಸಂಗಿಕವಾಗಿ ಒಂದು ಮಾತು. ಫಲಕಗಳ ಮೇಲೆ ಹೇರಳವಾಗಿ ಕಾಣುವ ‘ಉಪಹಾರ’ ಎಂಬ ರೂಪವನ್ನು ವೈಯಾಕರಣರು ತಪ್ಪೆನ್ನುತ್ತಾರೆ. ಲಘು ಆಹಾರ ಎಂಬ ಅರ್ಥಕ್ಕೆ ‘ಉಪಾಹಾರ’ವೇ ಸಾಧು, ‘ಉಪಹಾರ’ವೆಂದರೆ ಕಾಣಿಕೆ, ನೈವೇದ್ಯ. ದುಡ್ಡು ತೆಗೆದುಕೊಂಡು ಕೊಡುವುದನ್ನು ಕಾಣಿಕೆಯೆಂದು ಕರೆದ ಫಲಕ ಬರೆಯುವವನ ಮೇಲೆ ನನಗೆ ಸಿಟ್ಟಿಲ್ಲ.

ಹೋಟೆಲಿನ ಹಣ ಊರಿಗೆ ಮರಳಿ ಏನು ಮಾಡಿತೆಂಬುದನ್ನು ಶಿವರಾಮ ಕಾರಂತರ ‘ಮರಳಿ ಮಣ್ಣಿಗೆ’ ಕಾದಂಬರಿ ಬಹಳ ಹಿಂದೆಯೇ ಕಂಡುಕೊಂಡಿತ್ತು. 1940ರ ದಶಕದ ಆರಂಭದಲ್ಲಿ ಪ್ರಕಟವಾದ ಈ ಕೃತಿಯಲ್ಲಿ ಶೀನಮಯ್ಯನ ಮನೆತನ ಬೆಂಗಳೂರಿನ ಹೋಟೆಲಿನಿಂದ ಸಂಪಾದಿಸುತ್ತದೆ, ನೆರೆಮನೆಯ ರಾಮ ಐತಾಳನೊಡನೆ ಅಂತಸ್ತಿನ ಪೈಪೋಟಿ ಬೆಳೆಯುತ್ತದೆ. ಕೋಟದವರೇ ಆದ ಕಾರಂತರಿಗೆ ಹೋಟೆಲೆಂಬುದು ರುಚಿಯ ವಿಷಯವಾಗಿರಲಿಲ್ಲ. ಮಳಲಿನ ನೆಲದಲ್ಲಿ ಅನ್ನ ಹುಟ್ಟದಾಗ ಹಿಡಿದ ದಾರಿ ಅದು, ಮತ್ತು ಆ ದಾರಿ ಮಣ್ಣಿನ ಸಂಬಂಧವನ್ನು ಹೇಗೆ ಕಡಿಯುತ್ತದೆಂಬುದು ಅವರ ಚಿಂತೆ. ಬೆಂಗಳೂರಿನ ಗಿರಾಕಿ ಬರೆದ ಹೋಟೆಲ್ ನೆನಪುಗಳಲ್ಲಿ ಈ ದಿಕ್ಕಿನ ನೋಟ ಬಹುತೇಕ ಇಲ್ಲ.

1983ರಲ್ಲಿ ಜಯನಗರದಲ್ಲಿ ತೆರೆದ ‘ಕೆಫೆ ದರ್ಶಿನಿ’ಯ ಮಾದರಿ ಹಬ್ಬಿದ ಮೇಲೆ ನಿಂತು ತಿನ್ನುವ, ಚೀಟಿ ಕೊಟ್ಟು ತಟ್ಟೆ ಪಡೆಯುವ ಕ್ರಮ ಸಾಮಾನ್ಯವಾಯಿತು. ‘ದರ್ಶಿನಿ’ ಕನ್ನಡಕ್ಕೆ ಹೊಸ ಜಾತಿವಾಚಕವಲ್ಲದ ನಾಮಪದವೊಂದನ್ನು ಕೊಟ್ಟಿತು. ಬದಲಿಗೆ ಒಂದು ಮೌಖಿಕ ಪ್ರಕಾರವನ್ನು ಕೊಂಡೊಯ್ದಿತು. ಅದು ಮೇಜಿನ ಬಳಿ ನಿಂತು, ಉಸಿರು ನಿಲ್ಲಿಸದೆ, ಒಂದು ಲಯದಲ್ಲಿ ಇರುವ ತಿಂಡಿಗಳನ್ನೆಲ್ಲ ಒಪ್ಪಿಸುವ ಮಾಣಿಯ ಪಾಠ. ‘ಏನಿದೆ?’ ಎಂಬ ಹಳೆಯ ಮೈಸೂರಿನ ಪ್ರಶ್ನೆಗೆ ‘ಇಡ್ಲಿ ಉಂಟು, ವಡೆ ಉಂಟು’ ಎಂದು ಬರುತ್ತಿದ್ದ ಕರಾವಳಿಯ ಉತ್ತರ ಅದರೊಡನೆ ವಿರಳವಾಯಿತು. ವಿದ್ಯಾರ್ಥಿ ಭವನದಲ್ಲಿ ಪಂಚೆಯುಟ್ಟವರು ತೋಳಿನುದ್ದಕ್ಕೂ ದೋಸೆಯ ತಟ್ಟೆಗಳನ್ನು ಪೇರಿಸಿಕೊಂಡು ಬರುವುದು ಇನ್ನೂ ನಡೆದಿದೆ. ಮಲ್ಲೇಶ್ವರದ ಮಾರ್ಗೋಸಾ ರಸ್ತೆಯಲ್ಲಿ ‘ಶ್ರೀ ಸಾಗರ್’ ಎಂಬ ಫಲಕದ ಕೆಳಗೆ ಕಾದುನಿಂತವರು, ಎಲ್ಲಿದ್ದೀರಿ ಎಂದು ಕೇಳಿದರೆ, ಹಿಂದಿನ ಸೆಂಟ್ರಲ್ ಟಿಫಿನ್ ರೂಮನ್ನೇ ನೆನೆದು ‘ಸಿ.ಟಿ.ಆರ್.ನಲ್ಲಿ’ ಎನ್ನುತ್ತಾರೆ.