ಸಿಹಿ ಏರುವ ತನಕ ಕಾಯುವ ಬೆಲೆ

ತಿಕೋಟಾ ಭಾಗದ ನಮ್ಮ ಎರಡೆಕರೆ ದ್ರಾಕ್ಷಿ ಪಡದಲ್ಲಿ ಅಕ್ಟೋಬರ್ ಚಾಟಣಿ (ಬಳ್ಳಿ ಸವರುವಿಕೆ) ಮುಗಿದು ಇವತ್ತಿಗೆ 122 ದಿನ. ಥಾಮ್ಸನ್ ಸೀಡ್‌ಲೆಸ್ ತಳಿ, ಪೂರ್ತಿ ಮಣೂಕಕ್ಕೆ, ಅಂದರೆ ಒಣದ್ರಾಕ್ಷಿಗೆ, ಬಿಟ್ಟ ಬೆಳೆ. ಬೆಳಿಗ್ಗೆ ಅಣ್ಣ ಬೇರೆಬೇರೆ ಸಾಲುಗಳಿಂದ, ಗೊನೆಯ ಮೇಲಿನ, ನಡುವಿನ, ತುದಿಯ ಕಾಳು ಕಿತ್ತು ರಸ ಹಿಂಡಿ ಮೀಟರಿನಲ್ಲಿ ನೋಡಿದ. ಸರಾಸರಿ ಬ್ರಿಕ್ಸ್, ಅಂದರೆ ರಸದ ಸಿಹಿಯ ಅಳತೆ, 18.

ನಿನ್ನೆ ಸಂಜೆಯೇ ವ್ಯಾಪಾರಿಯೊಬ್ಬರು ಬಂದು ಹೋಗಿದ್ದರು. "ಅಣ್ಣಾರ, ಹಿಂಗ ಇದ್ದದ್ದ ಕೊಟ್ಟಬಿಡ್ರಿ. ಪಡ ಪೂರಾ ನಾನ ತಗೋತೀನಿ. ನಾಳೆ ಮಳಿ ಹೊಡೀತಂದ್ರ ಯಾರ ಕೇಳತಾರು?" ಅವರ ಮಾತಿನಲ್ಲಿ ಸುಳ್ಳಿರಲಿಲ್ಲ. ಫೆಬ್ರುವರಿ, ಮಾರ್ಚ್‌ನ ಒಂದು ಅಕಾಲ ಮಳೆಗೆ ಮಾಗಿದ ಕಾಳು ಬಿರಿಯುತ್ತದೆ. ಒಣಗಿಸುವ ಶೆಡ್ಡಿನ ಜಾಳಿಗೆಯ ಮೇಲಿರುವ ಹಣ್ಣು ಕಪ್ಪಿಡುತ್ತದೆ. ಆದರೂ ನಾವು ಹೂಂ ಅನ್ನಲಿಲ್ಲ. ಅದಕ್ಕೆ ಕಾರಣ ಒಂದು ಸಣ್ಣ ಲೆಕ್ಕ.

ಒಣಗಿದ ಮಣೂಕದಲ್ಲಿ ನೂರಕ್ಕೆ ಸುಮಾರು 15 ಪಾಲು ತೇವ, ಉಳಿದದ್ದು ಬಹುಪಾಲು ಸಕ್ಕರೆ. ಈ ಸಲ ನಮ್ಮದು ಎಕರೆಗೆ 7 ಟನ್ ಹಣ್ಣಿನ ಅಂದಾಜು. 18 ಬ್ರಿಕ್ಸ್‌ಗೆ ಕೊಯ್ದರೆ ಕೈಗೆ ಬರುವ ಮಣೂಕ 1,480 ಕಿಲೋ ಆಸುಪಾಸು. 22ಕ್ಕೆ ಏರಲು ಬಿಟ್ಟರೆ ಅಷ್ಟೇ ಹಣ್ಣಿನಿಂದ 1,810 ಕಿಲೋ. ಅಂದರೆ 330 ಕಿಲೋ ಹೆಚ್ಚು. ನಮಗೆ ಮಾತಾಗಿರುವ ದರ ಕಿಲೋಗೆ 220 ರೂಪಾಯಿ. ಬಳ್ಳಿಯ ಮೇಲೆ ಬಿಸಿಲು ಕಾಯುವ ಈ ದಿನಗಳಿಗೆ ಎಕರೆಗೆ 72,000 ರೂಪಾಯಿಗೂ ಹೆಚ್ಚು ಬೆಲೆ ಇದೆ. ಹಸಿ ಹಣ್ಣಿನ ತೂಕ ನೋಡಿ ಮಾರುವವನಿಗೆ ಈ ದುಡ್ಡು ಕಾಣುವುದೇ ಇಲ್ಲ.

ನಮ್ಮದರಂಥ ಸಾವಯವ ಪಡದಲ್ಲಿ ಈ ಕಾಯುವಿಕೆ ಇನ್ನಷ್ಟು ಕಠಿಣ. ಚಾಟಣಿಯಾದ ಮೇಲೆ ಎಲ್ಲ ಕಣ್ಣು ಒಟ್ಟಿಗೆ ಒಡೆಯಲಿ ಎಂದು ಬೇರೆ ತೋಟದವರು ಹೈಡ್ರೋಜನ್ ಸೈನಮೈಡ್ ಹಚ್ಚುತ್ತಾರೆ. ನಮ್ಮಲ್ಲಿ ಅದಿಲ್ಲ, ಹಾಗಾಗಿ ಚಿಗುರು ಹಿಂದೆಮುಂದೆ, ಮಾಗುವುದೂ ಹಿಂದೆಮುಂದೆ. ಇವತ್ತು ಒಂದೇ ಸಾಲಿನಲ್ಲಿ 16 ಬ್ರಿಕ್ಸ್‌ನ ಗೊನೆಯೂ ಇತ್ತು, 20ರದ್ದೂ ಇತ್ತು. ಕಾಳು ಉಬ್ಬಿಸುವ ಜಿಬ್ಬರೆಲಿಕ್ ಆಮ್ಲ (ಜಿಎ) ಕೂಡ ಕೊಟ್ಟಿಲ್ಲ, ಕಾಳು ಸಣ್ಣದು. ನವೆಂಬರಿನ ಮಂಜಿಗೆ ಕೆಳಗಿನ ಎಲೆಗಳಲ್ಲಿ ಡೌನಿ ರೋಗದ ಚುಕ್ಕೆ ಬಂದಿತ್ತು. ಬೋರ್ಡೋ ದ್ರಾವಣದಿಂದ ತಡೆದೆವು. ಈಗ ಅದನ್ನು ಹೊಡೆದರೆ ಗೊನೆಯ ಮೇಲೆ ಕಲೆ ಕೂರುತ್ತದೆ, ಹಾಗಾಗಿ ಔಷಧಿಯ ಡ್ರಮ್ ತೊಳೆದಿಟ್ಟಿದ್ದೇವೆ. ಇನ್ನು ಉಳಿದಿರುವುದು ಎಲೆ ಸರಿಸಿ ಗಾಳಿ ಬಿಡುವುದು, ನೀರು ಕಡಿಮೆ ಮಾಡುವುದು, ಹಕ್ಕಿಗೆ ಬಲೆ ಕಟ್ಟುವುದು. ಎಲೆ ಮಾತ್ರ ಇನ್ನೂ ಹಸಿರಾಗಿದೆ. ಸಕ್ಕರೆ ಕಟ್ಟುವುದು ಎಲೆಯೇ ಆದ್ದರಿಂದ ಕಾಯುವ ಧೈರ್ಯ ಬಂದದ್ದು ಅದನ್ನು ನೋಡಿ.

ಕಿಲೋಗೆ 220ರ ಈ ದರ ಸುಮ್ಮನೆ ಸಿಕ್ಕಿದ್ದಲ್ಲ. ನಾನು ಮಾಡಿದ ದೊಡ್ಡ ತಪ್ಪನ್ನು ಇಲ್ಲಿ ಹೇಳಲೇಬೇಕು. ಸಾವಯವಕ್ಕೆ ಇಳಿದಾಗ ನಾನು ಲೆಕ್ಕ ಹಾಕಿದ್ದು ಗೊಬ್ಬರ, ಆಳು, ಸರ್ಟಿಫಿಕೇಟಿನ ಶುಲ್ಕ ಮಾತ್ರ. ಬಹುವಾರ್ಷಿಕ ಬೆಳೆಗೆ ಪರಿವರ್ತನೆಯ ಅವಧಿ ಮೂರು ವರ್ಷ. ಅಷ್ಟು ದಿನ ಖರ್ಚು ಸಾವಯವದ್ದು, ಮಾರಾಟ ಮಾತ್ರ ಸಾಮಾನ್ಯ ಮಾಲಿನ ದರಕ್ಕೆ. ಮೊದಲು ಎಕರೆಗೆ 12 ಟನ್ ಹಣ್ಣು, 3 ಟನ್ ಮಣೂಕ, ಕಿಲೋಗೆ 160ರಂತೆ 4.8 ಲಕ್ಷ ಬರುತ್ತಿತ್ತು. ಪರಿವರ್ತನೆಯ ವರ್ಷಗಳಲ್ಲಿ 7 ಟನ್‌ಗೆ ಇಳಿಯಿತು. ಗಂಧಕದ ಹೊಗೆ ಹಾಕದ ಮಣೂಕ ಕಂದು ಬಣ್ಣದ್ದು. ತಾಸಗಾಂವ, ಸಾಂಗ್ಲಿ ಸವಾಲಿನಲ್ಲಿ ಹಸಿರು-ಹಳದಿ ಮಾಲಿನ ಪಕ್ಕ ಅದಕ್ಕೆ 140 ಸಿಕ್ಕರೆ ಹೆಚ್ಚು. ಮೊದಲಿನ ಪ್ರಮಾಣದಲ್ಲೇ ಮಣೂಕ ಹಿಡಿದರೆ ಎಕರೆಗೆ 2.45 ಲಕ್ಷ. ಔಷಧಿಯಲ್ಲಿ ಉಳಿದ ದುಡ್ಡು ಕಳೆದರೂ ವರ್ಷಕ್ಕೆ ಎಕರೆಗೆ 2 ಲಕ್ಷ ಕೊರತೆ. ಎರಡೆಕರೆಗೆ, ಮೂರು ವರ್ಷಕ್ಕೆ, 12 ಲಕ್ಷ.

ಸಾವಯವದ ನಿಜವಾದ ಬಂಡವಾಳ ಇದೇ. ನಾನು ಇದನ್ನು ನಷ್ಟ ಎಂದು ತಿಳಿದು ಪ್ರತಿ ವರ್ಷ ಗಾಬರಿಯಾದೆ, ಎರಡನೇ ವರ್ಷ ಮನೆಯ ಬಂಗಾರ ಅಡವಿಟ್ಟೆ. ಸಾಲದ ಕಂತು ಮಾರ್ಚಿನಲ್ಲಿತ್ತು. ಕಂತಿನ ಅವಸರಕ್ಕೆ ಆ ವರ್ಷ ಹಣ್ಣು 18ರಲ್ಲೇ ಕೊಯ್ದೆ. ಬಡ್ಡಿಯೂ ಹೋಯಿತು, ಮಣೂಕದ ತೂಕವೂ ಹೋಯಿತು. ಕೈಯಲ್ಲಿ ದುಡ್ಡಿಲ್ಲದವನಿಗೆ ಕಾಯುವ ಹಕ್ಕೂ ಇರುವುದಿಲ್ಲ ಎಂಬುದು ನನಗೆ ತಿಳಿದದ್ದು ಆಗ. ಈಗ ಒಂದು ವರ್ಷದ ಸಾಗುವಳಿ ಖರ್ಚನ್ನು ಬೇರೆ ಖಾತೆಯಲ್ಲಿಟ್ಟಿದ್ದೇವೆ. ಯಾವ ಕಾರಣಕ್ಕೂ ಅದನ್ನು ಮುಟ್ಟುವುದಿಲ್ಲ.

ಹವಾಮಾನ ಆಧಾರಿತ ಬೆಳೆ ವಿಮೆಯನ್ನೂ ಮಾಡಿಸಿದ್ದೇವೆ. ತೋಟದ ಬೆಳೆಗೆ ರೈತ ಕಟ್ಟಬೇಕಾದದ್ದು ವಿಮಾ ಮೊತ್ತದ ಶೇ. 5. ಅದರ ಪರಿಹಾರ ನಿಲ್ಲುವುದು ಮಳೆ ಮಾಪನ ಕೇಂದ್ರದ ಅಂಕಿಯ ಮೇಲೆ, ನಮ್ಮ ಪಡದ ಹಾನಿಯ ಮೇಲಲ್ಲ. ಆದ್ದರಿಂದ ಅದೊಂದನ್ನೇ ನಂಬಿ ಕೂರುವಂತಿಲ್ಲ.

ಇಷ್ಟಾದರೂ ಸಾವಯವವನ್ನು ಬಿಡುವ ಮನಸ್ಸಿಲ್ಲ. 2010ರಲ್ಲಿ ಕ್ಲೋರ್‌ಮೆಕ್ವಾಟ್ ಎಂಬ ಒಂದೇ ರಾಸಾಯನಿಕದ ಉಳಿಕೆಗೆ ಭಾರತದ ದ್ರಾಕ್ಷಿ ಯುರೋಪಿನಲ್ಲಿ ತಿರಸ್ಕೃತವಾಯಿತು, ರಫ್ತು ಮಾಡಿದವರು ಭಾರಿ ಪೆಟ್ಟು ತಿಂದರು. ಅದಕ್ಕಿಂತ ಹತ್ತಿರದ ಕಾರಣವೂ ಇದೆ. ನಮ್ಮ ಪಡದಲ್ಲಿ ವರ್ಷಗಟ್ಟಲೆ ಔಷಧಿ ಹೊಡೆದವರ ಅಂಗೈ ಚರ್ಮ ಸುಲಿದದ್ದನ್ನು ಕಣ್ಣಾರೆ ಕಂಡಿದ್ದೇನೆ. ಆ ಖರ್ಚನ್ನು ನಾವು ಯಾವ ಪುಸ್ತಕದಲ್ಲೂ ಬರೆದಿರಲಿಲ್ಲ.

ಹೊಸದಾಗಿ ಸಾವಯವಕ್ಕೆ ಬರುವವರಲ್ಲಿ ನನ್ನದೊಂದು ಕೋರಿಕೆ. ಮೂರು ವರ್ಷದ ಕೊರತೆಯನ್ನು ಮೊದಲು ಕೂಡಿಡಿ, ಇಲ್ಲವೇ ಅಷ್ಟು ಕೊರತೆ ತಾಳುವಷ್ಟೇ ಚಿಕ್ಕ ಪಡದಿಂದ ಶುರುಮಾಡಿ. ಪಕ್ಕದ ತೋಟದ ಔಷಧಿ ಹಾರಿ ಬೀಳುವ ಅಂಚಿನ ಸಾಲುಗಳನ್ನು ಸಾವಯವ ಇಳುವರಿಯ ಲೆಕ್ಕಕ್ಕೆ ಹಿಡಿಯಬೇಡಿ. ಕೊಳ್ಳುವವರೊಂದಿಗೆ ದರದ ಮಾತು ಕೊಯ್ಲಿಗೆ ಮೊದಲೇ ಆಗಲಿ.

ನಾವು ಎರಡು ಸಲ ಕೊಯ್ಯುವುದೆಂದು ನಿಶ್ಚಯಿಸಿದ್ದೇವೆ. 20 ದಾಟಿದ ಗೊನೆಗಳು ಈ ವಾರ ಶೆಡ್ಡಿಗೆ, ಉಳಿದವು 22 ಮುಟ್ಟಿದ ಮೇಲೆ. ಆಳಿನ ಕೂಲಿ ಎಕರೆಗೆ 9,000 ರೂಪಾಯಿ ಹೆಚ್ಚಾಗುತ್ತದೆ. ಮಳೆ ಬಂದರೂ ಒಂದು ಪಾಲು ಬೆಳೆ ಸೂರಿನ ಕೆಳಗಿರುತ್ತದೆ.