ಮಾತ್ರೆ ಸ್ಟಾಕ್ ಇಲ್ಲ ಅಂದಾಗ

ಹುಣಸೂರಿನಲ್ಲೋ ಪಿರಿಯಾಪಟ್ಟಣದಲ್ಲೋ ಮೆಡಿಕಲ್‌ನವರು 'ಸ್ಟಾಕ್ ಇಲ್ಲ, ಮುಂದಿನ ವಾರ ಬನ್ನಿ' ಅಂದರೆ, ಉಳಿದ ಮಾತ್ರೆಯನ್ನು ದಿನ ಬಿಟ್ಟು ದಿನ ನುಂಗುವವರುಂಟು. ಜಾಣತನದಂತೆ ಕಂಡರೂ ಇದು ಅಪಾಯ. ಫಿಟ್ಸ್ ಮಾತ್ರೆ ತಟ್ಟನೆ ತಪ್ಪಿದರೆ ಫಿಟ್ಸ್ ಮರುಕಳಿಸೀತು. ಕ್ಷಯದ ಔಷಧ ನಡುವೆ ನಿಂತರೆ ರೋಗಾಣು ಮದ್ದಿಗೇ ಬಗ್ಗದಂತಾದೀತು. ಕೊರತೆಯೇನೂ ಕಟ್ಟುಕತೆಯಲ್ಲ: 2024ರ ಮಾರ್ಚ್‌ನಲ್ಲಿ ಕ್ಷಯದ ಮಾತ್ರೆ ಸಾಲದೆ, ಸ್ಥಳೀಯವಾಗಿ ಕೊಂಡುಕೊಳ್ಳಿ ಎಂದು ಕೇಂದ್ರವೇ ರಾಜ್ಯಗಳಿಗೆ ಪತ್ರ ಬರೆಯಿತು.

ಇನ್ಸುಲಿನ್ ವಿಷಯದಲ್ಲಂತೂ ಎಚ್ಚರ ಇನ್ನೂ ಹೆಚ್ಚು ಬೇಕು. 2025ರಲ್ಲಿ ನೋವೋ ನಾರ್ಡಿಸ್ಕ್ ಕಂಪನಿ ಹ್ಯೂಮನ್ ಮಿಕ್ಸ್‌ಟಾರ್ಡ್ ಎಂಬ ಇನ್ಸುಲಿನ್ನಿನ ಪೆನ್ನುಗಳನ್ನು ಭಾರತದಲ್ಲಿ ನಿಲ್ಲಿಸುವುದಾಗಿ ಹೇಳಿತು, ಬಾಟಲಿ ಉಳಿಯಿತು. ಪೆನ್ನಿನಲ್ಲಿ ಮಿಲಿಲೀಟರಿಗೆ 100 ಯೂನಿಟ್, ನಮ್ಮಲ್ಲಿ ಹೆಚ್ಚಾಗಿ ಸಿಗುವ ಬಾಟಲಿಯಲ್ಲಿ 40. ಆ ಬಾಟಲಿಗೆ 40ರ ಸಿರಿಂಜೇ ಆಗಬೇಕು. 100ರ ಸಿರಿಂಜು ಹಿಡಿದರೆ ದೇಹಕ್ಕೆ ಹೋಗುವುದು ಅರ್ಧಕ್ಕಿಂತ ಕಡಿಮೆ.

ಪಕ್ಕದ ಮನೆಯವರ ಬಿ.ಪಿ. ಮಾತ್ರೆ ಎರವಲು ಬೇಡ, ಬಣ್ಣ ಒಂದೇ ಇದ್ದರೂ.

ಬ್ರ್ಯಾಂಡ್ ಸಿಗದಿದ್ದರೆ ಚೀಟಿ ತೋರಿಸಿ ಅದೇ ಔಷಧ, ಅದೇ ಮಿಲಿಗ್ರಾಂ ಬೇರೆ ಕಂಪನಿಯದು ಇದೆಯೇ ಎಂದು ಕೇಳಿ. ಜನೌಷಧಿ ಕೇಂದ್ರದಲ್ಲೂ ವಿಚಾರಿಸಿ. ಬದಲಿಸುವ ಮೊದಲು ವೈದ್ಯರಿಗೊಂದು ಫೋನ್ ಇರಲಿ. ಎಚ್.ಡಿ. ಕೋಟೆಯ ಕಾಡಂಚಿನ ಹಾಡಿಗಳವರು, ಕೆ.ಆರ್. ನಗರದ ದೂರದ ಹಳ್ಳಿಯವರು ಕೊನೆಯ ಮಾತ್ರೆಯವರೆಗೆ ಕಾಯದೆ, ಹತ್ತು ದಿನದ್ದು ಉಳಿದಿರುವಾಗಲೇ ತಾಲ್ಲೂಕು ಆಸ್ಪತ್ರೆಗೆ ಚೀಟಿ ಹಿಡಿದು ಹೊರಡುವುದು ಒಳ್ಳೆಯದು.